ಆರತಿ ಹಾಡಿಗೆ ಐದು ನಿಮಿಷ

ಹೋದ ವರ್ಷ ಚಿತ್ರದುರ್ಗದ ನಮ್ಮ ಕಾಲೇಜಿನ ಕಲೋತ್ಸವಕ್ಕೆ ತುರುವನೂರಿನಿಂದ ಸೋಬಾನೆ ಹಾಡುವ ಹೆಂಗಸರನ್ನು ನಾನೇ ಕರೆತಂದಿದ್ದೆ. ಕಾರ್ಯದರ್ಶಿ ಮೇಷ್ಟ್ರು, "ಐದೇ ನಿಮಿಷ. ಗಂಟೆ ಹೊಡೆದ ಕೂಡಲೇ ನಿಲ್ಲಿಸಬೇಕು" ಎಂದರು.

"ಆರತಿ ಹಾಡು ಅರ್ಧಕ್ಕೆ ಬಿಡಬಾರ್ದು ಕಣ್ರಿ ಸಾಮಿ" ಎಂದರು ಹಿರಿಯರಾದ ಗೌರಮ್ಮ.

"ನಿಯಮ ಎಲ್ಲರಿಗೂ ಒಂದೇ."

"ಮುಗಿಯೋವರೆಗೂ ಹಾಡ್ರಿ ಗೌರಮ್ಮ. ನಾನಿದೀನಿ" ಎಂದೆ, ಮೇಷ್ಟ್ರಿಗೆ ಕೇಳುವಂತೆಯೇ.

ಅವರು ತಟ್ಟೆಯಲ್ಲಿ ದೀಪ ಹಚ್ಚಿ ಹಾಡತೊಡಗಿದರು. ಐದು ನಿಮಿಷಕ್ಕೆ ಸರಿಯಾಗಿ ಮೇಷ್ಟ್ರು ಗಂಟೆ ಬಾರಿಸಿದರು. ಆರತಿಯ ಹೊತ್ತಿಗೆ ಗಂಟೆ ಕೇಳಿದರೆ ನಮ್ಮ ಜನ ಸುಮ್ಮನೆ ಕೂರುತ್ತಾರೆಯೇ? ಸಭೆಯೆಲ್ಲ ಎದ್ದು ಕೈಮುಗಿಯಿತು. ಅತಿಥಿಗಳೂ ಎದ್ದರು. ಹಾಡು ಮುಗಿಯುವವರೆಗೆ ಯಾರೂ ಕೂರಲಿಲ್ಲ.

ಮುಂದಿನ ತಿಂಗಳ ಉತ್ಸವದ ಕರಪತ್ರವನ್ನು ನಾನೇ ಬರೆದಿದ್ದೇನೆ. ಸೋಬಾನೆಗೆ ಸಮಯ ಹಾಕಿಲ್ಲ. ಗಂಟೆ ಬಾರಿಸುವ ಕೆಲಸವನ್ನು ಮಾತ್ರ ಮೇಷ್ಟ್ರಿಗೇ ಬಿಟ್ಟಿದ್ದೇನೆ.