ಬಟ್ಟೆ ಗಂಟಿನೊಳಗಿನ ಸೂಜಿ

ಮೊನ್ನೆ ಮೊಮ್ಮಗಳು ಡ್ಯೂಟಿಯ ಮೊದಲ ದಿನ ಮುಗಿಸಿ ಬಂದು ನನ್ನನ್ನು ತಬ್ಬಿಕೊಂಡಳು. ತೋಳಿನಿಂದ ಸ್ಪಿರಿಟ್ಟಿನ ವಾಸನೆ ಬಂತು. ಕೆಲಸಕ್ಕೆ ಸೇರಿದ ಕೂಡಲೇ ಕಾಮಾಲೆ ಬಾರದಂತೆ ಸೂಜಿ ಹಾಕಿದರಂತೆ, ಮುಂದಿನ ಸೂಜಿ ಯಾವಾಗ ಎಂದು ಕಂಪ್ಯೂಟರೇ ಫೋನಿಗೆ ಹೇಳುತ್ತದಂತೆ. ನನ್ನ ಮೊಮ್ಮಗಳು ನರ್ಸು! ಕುರುಗೋಡಿನ ನಮ್ಮ ಓಣಿಯಲ್ಲಿ ನಾನು ಸಕ್ಕರೆ ಕೊಡದ ಮನೆ ಉಳಿಯಲಿಲ್ಲ. ಆ ವಾಸನೆಗೆ ಮಾತ್ರ ಇನ್ನೊಬ್ಬ ಸಿಸ್ಟರು ನೆನಪಾದರು...

ಆಗ ಗಣಿಯ ಕಾಲ. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ನಾನು ಬಟ್ಟೆ ಒಗೆಯುವ ಗುತ್ತಿಗೆ ಆಳು. ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಚಾದರ ಅದಿರು ಲಾರಿಗಳ ಧೂಳಿಗೆ ಸಂಜೆಯೊಳಗೆ ಕೆಂಪಾಗುತ್ತಿತ್ತು, ಮತ್ತೆ ಒಗೆಯಬೇಕು. ನಮ್ಮಲ್ಲಿ ಓದು ಬಂದವರು ಕಡಿಮೆ. ಯಾವ ವಾರ್ಡಿನ ಬಟ್ಟೆ ಎಂದು ಗಂಟಿಗೆ ಕಟ್ಟಿದ ಪಟ್ಟಿಯ ಬಣ್ಣ ನೋಡಿ ತಿಳಿಯುತ್ತಿದ್ದೆವು. ಗಂಟು ಬಿಚ್ಚಿ ಬರಿಗೈಯಲ್ಲಿ ಝಾಡಿಸುವಾಗ ಮಡಿಕೆಯಲ್ಲಿ ಉಳಿದ ಸೂಜಿ ಚುಚ್ಚುತ್ತಿತ್ತು. ರಕ್ತ ಹಿಂಡಿ, ಎಲೆಅಡಿಕೆ ಚೀಲದ ಸುಣ್ಣ ಹಚ್ಚಿ, ಬಾಯಿ ಮುಚ್ಚಿಕೊಂಡು ಇರುತ್ತಿದ್ದೆವು. ಹೇಳಿದವಳು ಮರುದಿನ ಗುತ್ತಿಗೆದಾರನಿಗೆ ಬೇಡವಾಗುತ್ತಿದ್ದಳು.

ಅಂಥಲ್ಲಿಗೆ ಆ ಸಿಸ್ಟರು ಬಂದು, "ಯಾರಿಗೆ ಸೂಜಿ ಚುಚ್ಚೈತಿ ಹೇಳ್ರಿ, ಕಂಪ್ಯೂಟರಿಗೆ ಹಾಕ್ತೀನಿ" ಅಂದರೆ ಯಾರು ನಂಬುತ್ತಾರೆ? ಕಂಪ್ಯೂಟರೆಂದರೆ ನಮಗೆ ಗೊತ್ತಿದ್ದದ್ದು ಅದಿರು ತೂಗುವ ಕಟ್ಟೆಯದು. ತುಂಬಿ ಬಾಗಿದ ಲಾರಿಯೂ ಅದರಲ್ಲಿ ಹಗುರಾಗುತ್ತಿತ್ತು ಎಂದು ಲಾರಿಗೆ ಹೋಗುತ್ತಿದ್ದ ನನ್ನ ಗಂಡ ದಿನಾ ಹೇಳುತ್ತಿದ್ದ.

"ಈಕಿ ಗುತ್ತಿಗೆದಾರನ ಕಡಿಯಾಕಿ ಅದಾಳಲೇ," ಎಂದಳು ಜೊತೆಯ ಹಿರಿಯಾಕೆ. "ಸಿಹಿ ಮಾತಾಡಿ ಹೆಸರು ತಗೊಂಡು ಹೋಗ್ತಾಳ ನೋಡು."

ನಮಗೆಲ್ಲ ಅದೇ ಅನುಮಾನ. ಅವರು ಚಹಾ ತರಿಸಿದರೆ ಚಹಾದ ಮೇಲೂ ಅನುಮಾನ.

ಸಿಸ್ಟರಿಗೆ ಅದು ತಿಳಿಯಿತೋ ಏನೋ... ಒಂದು ದಿನ ಬಂದು, "ನಿಮ್ಮ ಹೆಸರು ಬ್ಯಾಡ್ರಿ ಯವ್ವಾ. ಚುಚ್ಚಿದ ಗಂಟಿನ ಬಣ್ಣ ಅಷ್ಟ ಹೇಳ್ರಿ" ಅಂದರು. ಬಣ್ಣ ಹೇಳಲಿಕ್ಕೆ ಏನು ಭಯ? ಹಳದಿ, ನೀಲಿ, ನೀಲಿ, ಮತ್ತೆ ನೀಲಿ... ಎಲ್ಲ ಕೂಡಿಸಿ ಕಂಪ್ಯೂಟರು ತೋರಿಸಿತು: ಚುಚ್ಚುತ್ತಿದ್ದ ಸೂಜಿಗಳು ಹೆಚ್ಚಾಗಿ ನೀಲಿ ಪಟ್ಟಿಯ, ಆಪರೇಷನ್ ಆದವರ ವಾರ್ಡಿನವು. ಅಲ್ಲಿ ಸೂಜಿ ಬಿಸಾಡುವ ಡಬ್ಬಿ ದೂರದ ಮೂಲೆಯಲ್ಲಿತ್ತು. ಮಂಚದ ಹತ್ತಿರವೇ ಡಬ್ಬಿ ಇಡಿಸಲು ಸಿಸ್ಟರು ಓಡಾಡತೊಡಗಿದರು.

ಅಷ್ಟರಲ್ಲಿ ನನಗೇ ಚುಚ್ಚಿತು, ಆಳವಾಗಿ. ಸುಣ್ಣ ಹಚ್ಚುವಾಗ ಅವರು ಕಂಡುಬಿಟ್ಟರು. "ರೋಗ ಹತ್ತದಂಗ ಈಗಿಂದೀಗ ಗುಳಿಗಿ ಸುರು ಮಾಡಬೇಕು. ಮತ್ತ ಮತ್ತ ರಕ್ತ ನೋಡಬೇಕಾಗ್ತೈತಿ, ಇದಕ್ಕ ಹೆಸರು ಬೇಕ ಬೇಕು" ಅಂದರು. ಹೆಸರು ಕೊಟ್ಟರೆ ಕೂಲಿ ಹೋಗುತ್ತದೆ, ಕೊಡದಿದ್ದರೆ ಜೀವ. ಮನೆಯಲ್ಲಿ ಮಗಳು ಚೊಚ್ಚಲ ಬಸುರಿ, ನನ್ನ ಕೂಲಿಯೇ ಅವಳಿಗೆ ಆಸರೆ. ಅದನ್ನೂ ಹೇಳಿ, ಅವರ ಮುಖವನ್ನೇ ದಿಟ್ಟಿಸುತ್ತಾ ಹೆಸರು ಕೊಟ್ಟೆ.

"ನನಗ, ಕಂಪ್ಯೂಟರಿಗೆ. ಮೂರನೇದವರಿಗೆ ಇಲ್ಲ" ಅಂದರು.

ವಾಸನೆ ಹಿಡಿದು ಗುತ್ತಿಗೆದಾರ ಬಂದೇ ಬಂದ. "ಯಾರ್ರಿ ಆಕಿ, ಗುಳಿಗಿ ನುಂಗಾಕಿ?" ನಾನು ಬಾಗಿಲ ಹಿಂದೆ ಚಾದರ ಹಿಂಡುತ್ತಿದ್ದೆ.

"ನಿಮಗೂ ಒಮ್ಮಿ ಚುಚ್ಚಲಿ ಸಾಹುಕಾರ್ರ, ನಿಮ್ಮ ಹೆಸರೂ ಹಿಂಗ ಕಾಯ್ತೀನಿ" ಅಂದರು ಸಿಸ್ಟರು. ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡೆ.

ದೇವರ ದಯೆ, ನನ್ನ ರಕ್ತದಲ್ಲಿ ಏನೂ ಬರಲಿಲ್ಲ. ಆದರೂ ಇವತ್ತು ಹೇಳದವರು ನಾಳೆ ಹೇಳಿಯಾರು ಎಂಬ ಅನುಮಾನ ಪೂರಾ ಹೋಗಲಿಲ್ಲ. ಅಷ್ಟರಲ್ಲಿ ಅವರಿಗೇ ತಮ್ಮೂರು ಸಿರುಗುಪ್ಪದ ಕಡೆ ವರ್ಗವಾಯಿತು. ಯಾರ ಕೈವಾಡವೋ... ಇವತ್ತಿಗೂ ನನಗೆ ಅನುಮಾನ.

ಈ ವಾರ ಪೇಡೆ ಕಟ್ಟಿಸಿಕೊಂಡು, ಮೊಮ್ಮಗಳ ಜೊತೆ ಸಿರುಗುಪ್ಪಕ್ಕೆ ಹೋದೆ. ಕೇಳುತ್ತಾ ಕೇಳುತ್ತಾ ಮನೆ ಸಿಕ್ಕಿತು. ಬಾಗಿಲು ತೆರೆದವರು ಅವರ ತಂಗಿ. ಸಿಸ್ಟರು ತೀರಿಕೊಂಡು ವರ್ಷಗಳೇ ಆಗಿದ್ದವು. ಹೇಗೋ ನನ್ನ ಹೆಸರು ಹೇಳಿ, ಬಟ್ಟೆ ಒಗೆಯುತ್ತಿದ್ದವಳು ಅಂದೆ.

ತಂಗಿ ಬಾಗಿಲು ಪೂರಾ ತೆರೆದರು. "ಸೂಜಿ ಚುಚ್ಚಿಸಿಕೊಂಡಾಕಿ ಏನ್ರಿ? ಮಗಳು ಬಸುರಿ ಇದ್ಲಂತ. ಅಕ್ಕ ಬಾಳ ಚಿಂತಿ ಮಾಡ್ತಿದ್ಲು. ಎಷ್ಟು ಕೇಳಿದ್ರೂ ನಿಮ್ಮ ಹೆಸರು ಹೇಳಲಿಲ್ಲ ನೋಡ್ರಿ."

ಆಗ ಹೊಟ್ಟೆಯಲ್ಲಿದ್ದವಳೇ ಇವಳು ಎಂದು ಮೊಮ್ಮಗಳನ್ನು ಮುಂದೆ ನಿಲ್ಲಿಸಿದೆ. ನೋಡಬೇಕಾದವರು ಇರಲಿಲ್ಲ.