ಈರವ್ವನ ಸೋಮವಾರ

ಈರವ್ವ ಚಿಂತಿ ಬಿಟ್ಟು ಕುಂತದ್ದನ್ನ ಕಂಡವರು ತಾರಿಹಾಳದ ಸುತ್ತಮುತ್ತ ಯಾರೂ ಸಿಗೂದಿಲ್ಲ. ಮಳಿ ಬಂದ್ರೂ ಚಿಂತಿ, ಬರದಿದ್ರೂ ಚಿಂತಿ. ಅದೂ ತನಗಲ್ಲ, ಮಂದಿ ಕುದರಿಗೆ. ಅಕಿ ಹೊಲದಾಗ ಒಂದು ಲಾಯ ಐತಿ. ಅದರಾಗ ಆರು ಕುದರಿ ಅವ, ಒಂದೂ ಅಕೀದಲ್ಲ. ಹುಬ್ಬಳ್ಳಿ-ಧಾರವಾಡದ ಮಂದಿ ತಿಂಗಳಾ ಇಷ್ಟು ಅಂತ ಕೊಟ್ಟು ಬಿಟ್ಟು ಹೋಗ್ಯಾರ. ಮೇವು, ನೀರು, ಬಯಲಿಗೆ ಬಿಡೂದು, ತಿರುಗಿ ಒಳಗ ತಂದು ಕಟ್ಟೂದು, ಎಲ್ಲಾ ಈರವ್ವನ ತಲಿಮ್ಯಾಲೆ.

ಕುದರಿ ಬಯಲಿಗೆ ಬಿಡೂದಂದ್ರ ಕುರಿ ಬಿಟ್ಟಂಗ ಅಂತ ತಿಳೀಬ್ಯಾಡ್ರಿ. ಹತ್ತಿ ವ್ಯಾಪಾರದ ಶಿವಯೋಗೀಶಪ್ಪನ ಕರೀ ಗಂಡು ಹೊರಗ ಇದ್ದಾಗ ಹೆಣ್ಣು ಕುದರಿ ಒಂದೂ ಬಾಗಲಾ ದಾಟೂಹಂಗಿಲ್ಲ. ಮಾಳಮಡ್ಡಿಯ ಮಾನಸಿ ಅನ್ನೂ ಹುಡುಗೀದು ಒಂದೈತಿ, ಒಂಟಿ ಬಿಟ್ರ ಬೇಲಿ ಹಾರತೈತಿ, ಜೋಡಿ ಬಿಟ್ರ ಒದೀತೈತಿ. ಯಾರ ಸಂಗಾಟ ಯಾರು, ಯಾರ ಹಿಂದ ಯಾರು ಅಂತ ಹೊಂದಿಸಿ ಹೊಂದಿಸಿ ಈರವ್ವಗ ಸಾಕಾಗಿತ್ತು. ಅತ್ತಿ, ನಾದನಿ, ನೆಗೆಣ್ಣಿ ಮೂವರನ್ನೂ ಒಂದ ಒಲಿ ಮುಂದ ಕುಂಡ್ರಿಸಿದ್ದು ಇದಕಿಂತ ಹಗರಿತ್ತು ಅಂತಿದ್ಳು.

ಆರರಾಗ ಚಾಂದನಿ ಅಂದ್ರ ಅಕಿ ಜೀವ. ಬಿಳೀ ಹೆಣ್ಣು ಕುದರಿ, ಹುಬ್ಬಳ್ಳಿಯ ಶರೀಫಾಬಿದು. ಶರೀಫಾಬಿಯ ಮಾವ ಟೇಶನ್ ಮುಂದ ಟಾಂಗಾ ಹೊಡೀತಿದ್ದ. ಟಾಂಗಾ ಹೋದ್ವು, ಆ ಮನಿಗೂ ಕುದರಿಗೂ ಇದ್ದ ನಂಟು ಹೋಗಲಿಲ್ಲ. ಈಗ ಮದುಮಕ್ಕಳನ್ನ ಹೊತ್ತು ಮೆರಸೂದು ಚಾಂದನಿ. ಅದರ ಬೆನ್ನಮ್ಯಾಲೇ ಶರೀಫಾಬಿ ಮನ್ಯಾಗ ಒಲಿ ಹತ್ತತೈತಿ.

ಇನ್ನ ಈರವ್ವ, ಎತ್ತಿನ ಮನ್ಯಾಗ ಹುಟ್ಟಿ ಎತ್ತಿನ ಮನಿಗೇ ಸೊಸಿಯಾಗಿ ಬಂದಾಕಿ. ಸೋಮವಾರ ಎತ್ತಿನ ಹೆಗಲಮ್ಯಾಲೆ ನೊಗಾ ಇಟ್ಟವರು ಆ ವಂಶದಾಗ ಇಲ್ಲ. ಬಸವಣ್ಣನ ವಾರ ಅದು. ಟ್ರ್ಯಾಕ್ಟರ್ ಬಂತು, ಎತ್ತು ಹೋದ್ವು, ಕೊಟ್ಟಿಗಿ ಹೋಗಿ ಲಾಯ ಆತು, ಸೋಮವಾರ ಮಾತ್ರ ಇದ್ದಂಗ ಉಳೀತು. ಅವತ್ತು ಕುದರಿ ಹೊರಗ ಹೊಂಡೂಹಂಗಿಲ್ಲ. ನೆಳ್ಳಾಗ ನಿಂದ್ರೂದು, ಬೆಲ್ಲಾ ಕಲಸಿದ ಹುಳ್ಳಿ ಕಾಳು ತಿನ್ನೂದು. ಅದೂ ದಿನದ್ದಕಿಂತ ಒಂದು ಬೊಗಸಿ ಹೆಚ್ಚಗಿ. ದುಡಿಯೂ ಜೀವಕ್ಕ ವಾರದಾಗ ಒಂದು ದಿನ ಸುಖಾ ಬ್ಯಾಡೇನು ಅಂತ ಅಕಿ ಕೇಳಿದ್ರ ಕುದರಿ ಮಾಲಕರು ನಗತಿದ್ರು. ಪಾಪ, ಅವರಿಗಾದ್ರೂ ಏನು ಗೊತ್ತು?

ಇಷ್ಟು ವರ್ಷ ನಡದಿತ್ತು. ಈ ಸಲ ಸೋಮವಾರದ ಬೆನ್ನಿಗೇ ಮಣ್ಣೆತ್ತಿನ ಅಮಾಸಿ ಬಂತು. ಈರವ್ವ ಮಣ್ಣಿನ ಎತ್ತು ಮಾಡಿ ಪೂಜಾ ಮಾಡಿದ್ಳು, ಕುದರಿಗೆ ಎರಡನೇ ದಿನಾನೂ ಸೂಟಿ ಕೊಟ್ಳು. ಹಬ್ಬ ಅಲ್ಲೇನು, ಹುಳ್ಳಿ ಮತ್ತ ಗ್ವಾದಲಿ ತುಂಬ ಬಿತ್ತು. ಮರುದಿನ ಮುಂಜಾನೆ, ಲಾಯದಾಗ ದುಡಿಯೂ ಹನಮೇಶ ಚಾಂದನಿನ್ನ ಹೊರಗ ತಗದ. ಆಷಾಢದಾಗ ಮದವಿ ಇರೂದಿಲ್ಲ, ಕುದರಿ ಮೈ ಸಡಿಲ ಬೀಳಬಾರದು ಅಂತ ಹತ್ತಿ, ತಾರಿಹಾಳದ ರಸ್ತಾದಾಗ ಜೋರ ಓಡಿಸಿದ.

ಸ್ವಲ್ಪ ಹೊತ್ತಿಗೆ ಅವನ ಫೋನ್ ಬಂತು. ಕುದರಿ ನಿಂತುಬಿಟ್ಟೈತಿ, ಒಂದು ಹೆಜ್ಜಿ ಕಿತ್ತಿಡವಲ್ದು ಅಂದ.

ಈರವ್ವ ಸೀರಿ ಎತ್ತಿಕಟ್ಟಿ ಓಡಿದ್ಳು. ಚಾಂದನಿ ರಸ್ತಾದ ಕಡೀಗೆ ನಿಂತಿತ್ತು. ಮೈಯಿಂದ ಬೆವರು ತೊಟ್ಟಿಕ್ಕಾಕತ್ತಿತ್ತು, ಹಿಂದಿನ ಕಾಲು ಎರಡೂ ಕಂಬಾ ನೆಟ್ಟಂಗ ನೆಟ್ಟಿದ್ವು. ತೊಡಿ ಮುಟ್ಟಿದ್ರ ಕಲ್ಲು. ಹೊಟ್ಟಿಬ್ಯಾನಿ ಇರಬೇಕು ಅಂತ ಈರವ್ವ ತಿಳಿದ್ಳು. ಹೊಟ್ಟಿಬ್ಯಾನಿಗೆ ಕುದರಿ ತಿರುಗಾಡಿಸೂದು ರೂಢಿ. ಹಗ್ಗಾ ಹಿಡದು ಎಳದ್ರು. ಎರಡು ಹೆಜ್ಜಿ ಎಳದುಕೊಂಡು ಬಂದ ಕುದರಿ ಹೆಂಗಸು ನರಳಿದಂಗ ನರಳಿತು. ಈರವ್ವ ಹಗ್ಗಾ ಬಿಟ್ಳು.

ದನದ ಡಾಕ್ಟರಿಗೆ ಫೋನ್ ಹಚ್ಚಿದ್ಳು. ಅವರು ಕೇಳಿದ್ದು ಎರಡ ಮಾತು, ಎಷ್ಟು ದಿನ ಕಟ್ಟಿ ಹಾಕಿದ್ರಿ, ಏನು ತಿನಿಸಿದ್ರಿ. ಈರವ್ವ ಎಲ್ಲಾ ಹೇಳಿದ್ಳು, ಬೆಲ್ಲದ್ದೂ ಬಿಡದಂಗ. ಆಮ್ಯಾಲೆ ಅವರು ಬಿಡಿಸಿ ಹೇಳಿದ್ರು. ಕಾಳು ಗಟ್ಟಿ ತಿಂದು ಸುಮ್ಮನ ನಿಂತ ಕುದರಿನ್ನ ಒಮ್ಮಿಂದೊಮ್ಮೆ ಓಡಿಸಿದ್ರ ತೊಡಿ ಖಂಡ ಬಿಗದು ಒಡೀತಾವ, ಆ ಹೊಲಸು ರಕ್ತದಾಗ ಕೂಡಿ ಮೂತ್ರಪಿಂಡಕ್ಕ ಹೋಗತೈತಿ.

"ಒಂದು ಹೆಜ್ಜಿನೂ ನಡಸಬ್ಯಾಡ್ರಿ ಅವ್ವಾ. ಉಚ್ಚಿ ಬಣ್ಣಾ ನೋಡ್ರಿ. ಕರ್ರಗ ಬಂದ್ರ ಕಷ್ಟ ಐತಿ."

ಈರವ್ವ ರಸ್ತಾದಾಗ ಹಂಗ ನಿಂತ್ಳು. ಹುಳ್ಳಿ ಹಾಕಿದ್ದು ತನ್ನ ಕೈ. ಬಾಗಲಾ ಹಾಕಿದ್ದೂ ತನ್ನ ಕೈ. ಅಷ್ಟರಾಗ ಮತ್ತೊಂದು ವಿಚಾರ ಹೊಳೀತು. ಲಾಯದಾಗ ಉಳದ ಐದೂ ಅದ ಹುಳ್ಳಿ ತಿಂದು ನಿಂತಾವಲ್ಲ! ಒಬ್ಬೊಬ್ಬರಿಗೇ ಫೋನ್ ಮಾಡಿದ್ಳು, ಇವತ್ತ ಕುದರಿ ಓಡಿಸಬ್ಯಾಡ್ರಿ ಅಂತ. ಯಾಕ ಅಂದವರಿಗೆ ನನ್ನ ತಪ್ಪಿನಿಂದ ಅಂದ್ಳು. ಮಾನಸಿ ಎಲ್ಲಾ ಕೇಳಿ, ಹಂಗಾದ್ರ ನಾ ಬ್ಯಾರೆ ಜಾಗಾ ನೋಡಬೇಕಾಗ್ತದ ನೋಡ್ರಿ ಅಂತ ಭಾಳ ಮರ್ಯಾದಿಲೆ ಹೇಳಿದ್ಳು. ಬೈದಿದ್ರ ಛಲೋ ಇತ್ತು.

ಶರೀಫಾಬಿ ಆಟೋದಾಗ ಬಂದಿಳಿದ್ಳು. ಕುದರಿ ಕಡೆ ನೋಡಿದ್ಳು, ಈರವ್ವನ ಕಡೆ ನೋಡಿದ್ಳು. ಈರವ್ವ ಮುಚ್ಚಿಡಲಿಲ್ಲ.

"ನಾ ಮಾಡಿದ್ದಿದು ಶರೀಫಾ. ಸೋಮವಾರಂತ ಕಟ್ಟಿ ಹಾಕಿದ್ನಿ, ಅಮಾಸಿ ಅಂತ ಮತ್ತ ಕಟ್ಟಿ ಹಾಕಿದ್ನಿ. ಪ್ರೀತಿಲೇ ತಿನಿಸಿದ್ನವಾ, ಅದ ವಿಷಾ ಆತು."

ಶರೀಫಾಬಿ ಕುದರಿ ಕೊಳ್ಳಾಗ ಕೈ ಹಾಕಿ ನಿಂತ್ಳು, ನಿಂತಾಕಿ ನಿಂತ ಬಿಟ್ಳು.

ಡಾಕ್ಟರು ಬಂದು ಇಂಜೆಕ್ಷನ್ ಕೊಟ್ರು, ಜಾಲಿ ಗಿಡದ ಟೊಂಗಿಗೆ ಸಲೈನ್ ಬಾಟಲಿ ಕಟ್ಟಿದ್ರು. ಮಗ್ಗಲದಾಗ ಲಾರಿ ಹಾದ್ರ ಕುದರಿ ಬೆಚ್ಚತಿತ್ತು. ಹನಮೇಶ ರಸ್ತಾಕ್ಕ ಅಡ್ಡ ನಿಂತು ಲಾರಿ ನಿಧಾನ ಮಾಡಿಸಾಕತ್ತ. ಜಿಟಿಜಿಟಿ ಮಳಿಗೆ ತಾಡಪತ್ರಿ ಹಿಡದ್ರು. ಮೊದಲನೇ ಸಲ ಚಾಂದನಿ ಉಚ್ಚಿ ಹೊಯ್ದಾಗ ಕರೀ ಚಹಾದಂಗ ಇತ್ತು. ಒಬ್ಬ ಹೆಣಮಗಳ ಅನ್ನಾ ಕಸಗೊಂಡ್ನೆಲ್ಲೋ ಬಸವಣ್ಣಾ ಅಂತ ಈರವ್ವ ಒಳಗೊಳಗ ಅತ್ಳು. ಎರಡನೇ ಸಲಾನೂ ಹಂಗ. ನೀರು ಕುಡಿ ಅಂದ್ರ ಈರವ್ವ ಕುಡೀಲಿಲ್ಲ, ಕುಂಡ್ರು ಅಂದ್ರ ಕುಂಡ್ರಲಿಲ್ಲ. ಸಂಜಿ ಮುಂದ ಬಣ್ಣಾ ತಿಳಿ ಆತು. ಉಳೀತೈತಿ ಅಂತ ಡಾಕ್ಟರು ಅಂದ ಮ್ಯಾಲೆ ನೆಲಕ್ಕ ಕುಂತ್ಳು.

ಹೋಗೂ ಮುಂದ ಅವರು ಒಂದು ಮಾತು ಕಡ್ಡಿ ಮುರದಂಗ ಹೇಳಿ ಹೋದ್ರು. ಕೆಲಸಾ ಇಲ್ಲದ ದಿನಾ ಕಾಳು ಅರ್ಧಾ ಮಾಡ್ರಿ, ಮತ್ತ ಯಾವ ದಿನಾನೂ ಕುದರಿ ಕೂಡಿ ಹಾಕಬ್ಯಾಡ್ರಿ, ಎತ್ತು ಮಲಗಿ ದಣಿವು ಆರಿಸ್ಕೋತೈತಿ, ಕುದರಿ ತಿರುಗಾಡಿ ಆರಿಸ್ಕೋತೈತಿ ಅಂತ.

ಚಾಂದನಿ ದಿನಾ ಒಂದೀಟು ಚೇತರಿಸಿಕೊಂತು. ಶರೀಫಾಬಿ ದಿನಾ ಬರ್ತಿದ್ಳು, ಕುದರಿ ಮೈ ತಿಕ್ಕಿ ಹೋಗ್ತಿದ್ಳು. ಈರವ್ವನ ಜೋಡಿ ಮಾತು ಎಷ್ಟು ಬೇಕೋ ಅಷ್ಟ. ಕುದರಿ ಗಟ್ಟಿ ಆಗೂದನ್ನ ಕಾಯಾಕತ್ತಾಳ, ಆದ ಕೂಡಲೇ ಒಯ್ತಾಳ, ಒಯ್ಯಲಿ, ಯಾವ ಬಾಯಿಲೆ ಬ್ಯಾಡ ಅನ್ನಲಿ ಅಂತ ಈರವ್ವ ಒಂದ ಸವನ ಕೊರಗಿದ್ಳು.

ಸೋಮವಾರ ಬಂದ ಬಂತು. ಈರವ್ವ ಜಳಕಾ ಮಾಡಿ, ವಿಭೂತಿ ಹಚ್ಚಿ, ಲಾಯದ ಬಾಗಲಕ್ಕ ಬಂದ್ಳು. ಚಿಲಕದಮ್ಯಾಲೆ ಕೈ ಇಟ್ಳು. ಬುದ್ಧಿ ಒಪ್ಪಿತ್ತು, ಕೈ ಒಪ್ಪಲಿಲ್ಲ. ತಗದ್ರ ಮನಿತನದ ವಾರ ಮುರೀತೈತಿ, ತಗೀದಿದ್ರ ಮಂದಿ ಕುದರಿ ಸಾಯ್ತಾವ. ಒಳಗಿಂದ ಕುದರಿ ಕಾಲು ಬಡಿಯಾಕತ್ತಿದ್ವು. ಹನಮೇಶ ತಗೀಲೇನ್ರಿ ಅವ್ವಾರ ಅಂದ್ರ ಚಿಲಕಾ ಇನ್ನಷ್ಟು ಗಟ್ಟಿ ಹಿಡದ್ಳು.

ಅಷ್ಟರಾಗ ಶರೀಫಾಬಿಯ ಆಟೋ ಬಂತು. ಅಕಿ ಕೈಯಾಗ ಹಗ್ಗಾ ಇತ್ತು. ಮುಗೀತು ಅಂದ್ಕೊಂಡ್ಳು ಈರವ್ವ.

"ಚಾಂದನಿನ್ನ ಒಯ್ಯಾಕ ಬಂದಿಯೇನವಾ?"

"ಒಯ್ದು ಎಲ್ಲಿ ಕಟ್ಟಲಿ ಈರಕ್ಕಾ? ನಿನ್ನಷ್ಟು ಅಂಜಿ ಸಾಯೂವರು ನನಗ ಎಲ್ಲಿ ಸಿಗ್ತಾರ?" ಅಂದು ಅಕಿ ಈರವ್ವನ ಕೈ ಚಿಲಕದಮ್ಯಾಲಿಂದ ಮೆಲ್ಲಕ ತಗದ್ಳು. "ಇವತ್ತ ಇದು ನಿನ್ನ ಕೈಲೆ ಆಗೂದಿಲ್ಲಂತ ನನಗ ಗೊತ್ತಿತ್ತು. ಸೋಮವಾರದ್ದು ನನಗ ಬಿಡು. ನಾ ಬಿಡ್ತೇನಿ."

ಬಾಗಲಾ ತಗದ್ಳು. ಮೊದಲ ಚಾಂದನಿನ್ನ ಹಗ್ಗಾ ಹಿಡದು ನಡಿಸಿಕೊಂತ ಬಯಲಿಗೆ ಬಿಟ್ಳು, ಆಮ್ಯಾಲೆ ಉಳದ ಹೆಣ್ಣು ಕುದರಿ. ಕರೀದು ಕಡೀಕ, ಇವು ಒಳಗ ಬಂದ ಮ್ಯಾಲೆ ಅದು ಅಂತ ಈರವ್ವ ನಿಂತಲ್ಲಿಂದನ ಒದರಿದ್ಳು. ಚಾಂದನಿ ತೊಯ್ದ ಹುಲ್ಲಿನ್ಯಾಗ ಹೆಜ್ಜಿ ನೋಡಿ ನೋಡಿ ಇಟ್ಟು, ಸ್ವಲ್ಪ ದೂರ ಹೋಗಿ, ತಲಿ ಬಗ್ಗಿಸಿ ಮೇಯಾಕತ್ತು.

ಈರವ್ವ ಕಟ್ಟಿಮ್ಯಾಲೆ ಕುಂತು ಕಣ್ಣು ಒರಿಸಿಕೊಂಡ್ಳು. ಚಿಂತಿ ಅಲ್ಲಿಗೂ ತೀರಲಿಲ್ಲ ನೋಡ್ರಿ. ಬಸವಣ್ಣಾ, ನಾ ಬಿಡಲಿಲ್ಲೋ ಯಪ್ಪಾ, ಅಕಿ ಬಿಟ್ಳು; ನನ್ನ ಸಲುವಾಗಿ ಬಿಟ್ಟಾಳ, ಅಕಿಗೆ ಏನೂ ಮಾಡಬ್ಯಾಡ, ಏನಾರ ಮಾಡೂದಿದ್ರ ನನಗ ಮಾಡು ಅಂತ ಕೈ ಮುಗದ್ಳು.