ಮನೆ ಅಳತೆ ಮೂವತ್ತಾರು

ನಾನು ಪೊಲೀಸ್ ಭರ್ತಿಯ ಓಟದಲ್ಲಿ ಮೊದಲ ಸಲ ಸೋತದ್ದು ಅಂಜಿಕೆಯಿಂದ, ಎರಡನೇ ಸಲ ಗೆದ್ದದ್ದು ಹರಕೆಯಿಂದ. ಶಹಾಪುರದ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಇದೇ ಕಥೆ. ಇದನ್ನು ಕಟ್ಟಿದವರು ನಮ್ಮ ಜೊತೆಗೇ ಇರುವ ಸೋದರತ್ತೆ ಶರಣಮ್ಮ. "ಮಂದಿ ನೋಡಿ ಹುಡುಗಿ ಅಂಜಿತ್ತು. ಮುಂದಿನ ಸಲಕ್ಕ ನಾ ಐದು ಕಾಯಿ ಬೇಡ್ಕೊಂಡೆ, ಪಾಸಾದ್ಲು ನೋಡ್ರಿ" ಎಂದು ಆಕೆ ಹೇಳಿದರೆ ಕೇಳಿದವರು ಕೈ ಮುಗಿಯುತ್ತಾರೆ. ನನಗಲ್ಲ, ಕಾಯಿಗೆ.

ನಾನೋ, ಹೈಸ್ಕೂಲಿನಿಂದ ಡಿಗ್ರಿಯವರೆಗೆ ಚರ್ಚಾಸ್ಪರ್ಧೆಗಳಲ್ಲಿ ಸ್ಟೀಲ್ ಲೋಟ, ಗೋಡೆ ಗಡಿಯಾರ ಗೆದ್ದುಕೊಂಡು ಬಂದವಳು. ಪುರಾವೆಯಿಲ್ಲದ ಮಾತು ಕೇಳಿದರೆ ಉಂಡದ್ದು ಅರಗುವುದಿಲ್ಲ. ನಿನ್ನ ಪುರಾವೆ ಎಲ್ಲಿದೆ ಅನ್ನುತ್ತೀರಾ? ಇವತ್ತು ಬೆಳಿಗ್ಗೆ ಅದು ನಮ್ಮ ಹಿತ್ತಲ ಹಗ್ಗದ ಮೇಲೆ, ಟವೆಲ್ಲಿನ ಅಡಿಯಲ್ಲಿ ಇತ್ತು.

ಸುರಪುರದ ಠಾಣೆಯಿಂದ ಎರಡು ದಿನದ ರಜೆಗೆ ಬಂದಿದ್ದೇನೆ. ಎದ್ದವಳೇ ನನ್ನ ಸ್ಪೋರ್ಟ್ಸ್ ಬ್ರಾ ಒಗೆದು ಬಿಸಿಲಿಗೆ ಹಾಕಿದೆ. ಹಲ್ಲುಜ್ಜಿ ಬರುವಷ್ಟರಲ್ಲಿ ಅದರ ಮೇಲೆ ಟವೆಲ್ ಬಿದ್ದಿತ್ತು. ತೆಗೆದೆ. ಚಹಾ ಕುಡಿದು ಬಂದರೆ ಮತ್ತೆ ಟವೆಲ್. ಅವ್ವನಿಗೂ ನನಗೂ ಇದು ಹಳೆಯ ಆಟ. ಅಪ್ಪನ ತೂತುಬಿದ್ದ ಬನಿಯನ್ನು ಮುಂಬಾಗಿಲ ಹಗ್ಗದಲ್ಲಿ ಬಾವುಟದಂತೆ ಹಾರಾಡಬಹುದು, ಅದಕ್ಕೆ ಅಡ್ಡಿಯಿಲ್ಲ. ನಮ್ಮ ಬಟ್ಟೆಗೆ ಮಾತ್ರ ಬಿಸಿಲೂ ಪರಪುರುಷ. ಬೇಸಿಗೆಯಲ್ಲಿ ಹಂಚು ಕಾದಂತೆ ಕಾಯುವ ಈ ಊರಲ್ಲಿ ಬಟ್ಟೆಯೊಂದು ಒಣಗದೆ ಮುಗ್ಗಲು ವಾಸನೆ ಹಿಡಿಯುವುದೆಂದರೆ ಅದಕ್ಕೆ ಎಷ್ಟು ಜತನ ಬೇಕು, ನೀವೇ ಹೇಳಿ.

ಎಲ್ಲರ ಮನೆಯಲ್ಲಿ ಮನೆದೇವರಿರುತ್ತದೆ. ನಮ್ಮಲ್ಲಿ ಮನೆ ಅಳತೆಯೂ ಇತ್ತು: ಮೂವತ್ತಾರು. ಅವ್ವ ವರ್ಷಕ್ಕೊಮ್ಮೆ ಮಾರ್ಕೆಟ್ಟಿನ ಬಳೆ ಅಂಗಡಿಗೆ ಹೋಗಿ ಅರ್ಧ ಡಜನ್ ಬ್ರಾ ತರುತ್ತಿದ್ದಳು. ಅವ್ವನಿಗೆ ಎರಡು, ಅತ್ತೆಗೆ ಎರಡು, ನನಗೆ ಎರಡು. ನಾನು ಕಡ್ಡಿಯಂತಿದ್ದಾಗಲೂ ಮೂವತ್ತಾರೇ. "ನನಗ ಡೀಲಾ ಆಗ್ತದ, ಜಾರ್ತದ" ಎಂದರೆ ಅವ್ವ ಹಿಂದೆ ಒಂದು ಪಿನ್ನು ಚುಚ್ಚುತ್ತಿದ್ದಳು. ತಾನು ಮದುವೆಯಾಗಿ ಬಂದಾಗ ಅಜ್ಜಿ ಎರಡು ಕೈಗಿಟ್ಟು "ನಮ್ಮನ್ಯಾಗ ಇದೇ ನಡೀತದ" ಅಂದಿದ್ದಳಂತೆ. ಅಜ್ಜಿ ಹೋದಳು, ಅಳತೆ ಉಳಿಯಿತು.

ಈಗ ಮೊದಲ ಓಟಕ್ಕೆ ಬನ್ನಿ. ನಾನೂರು ಮೀಟರ್, ಎರಡು ನಿಮಿಷದೊಳಗೆ. ಕಾಲುವೆ ರಸ್ತೆಯಲ್ಲಿ ನಸುಕಿಗೆ ಓಡಿ ರೂಢಿ ಮಾಡಿಕೊಂಡಿದ್ದೆ. ಓಢಣಿಯನ್ನು ಎದೆಯ ಸುತ್ತ ಬಿಗಿದು ಬೆನ್ನಿಗೆ ಗಂಟು ಹಾಕಿದರೆ ಗಡಿಯಾರಕ್ಕಿಂತ ಮುಂಚೆಯೇ ಮುಟ್ಟುತ್ತಿದ್ದೆ. ಯಾದಗಿರಿಯ ಮೈದಾನದಲ್ಲಿ ಎದೆಗೊಂದು ನಂಬರ್ ಅಂಟಿಸಿದರು. "ಓಢಣಿ ತಗೀರಿ, ನಂಬರ್ ಕಾಣಂಗಿಲ್ಲ" ಅಂದರು. ನ್ಯಾಯವಾದ ಮಾತೇ. ತೆಗೆದೆ. ಸೀಟಿ ಊದಿದರು. ಇಪ್ಪತ್ತು ಹೆಜ್ಜೆಗೆ ಪಿನ್ನು ಬಿಚ್ಚಿತು. ಆಮೇಲೆ ನಾನು ಓಡಿದ್ದು ಒಂದೇ ಕೈಯಲ್ಲಿ. ಇನ್ನೊಂದು ಕೈ ಎದೆಯ ಮೇಲಿತ್ತು, ರಾಷ್ಟ್ರಗೀತೆಗೆ ನಿಂತವರಂತೆ. ನಾಲ್ಕು ಸೆಕೆಂಡು ತಡವಾಯಿತು. ಅಪ್ಪನ ಜೊತೆ ಬಂದು ಕಟ್ಟೆಯ ಮೇಲಿಂದ ನೋಡಿದ ಅತ್ತೆಗೆ ಎದೆಯ ಮೇಲಿನ ಕೈ ಕಂಡಿತು. "ಎದಿ ಹಿಡ್ಕೊಂಡೇ ಓಡ್ತು ಪಾಪ, ಅಷ್ಟು ಅಂಜಿತ್ತು!" ಕಂಡದ್ದು ಸುಳ್ಳಲ್ಲ. ಕಂಡದ್ದರಿಂದ ತೆಗೆದ ತೀರ್ಮಾನ ಸುಳ್ಳು. ಇದನ್ನು ಬಿಡಿಸಿ ಹೇಳಬೇಕಾದವಳು ನಾನು. ಸಾವಿರ ಜನರೆದುರು ಮೈಕ್ ಹಿಡಿದು ವಾದಿಸಿದವಳು ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು "ಪಿನ್ನು ಬಿಚ್ಚಿತು" ಎಂಬ ಎರಡು ಪದ ಆಡಲಾರದೆ, ಅಂಜಿದವಳೆಂದೇ ಒಪ್ಪಿಕೊಂಡೆ.

ಮುಂದಿನ ಭರ್ತಿಯೇ ನನಗೆ ಕೊನೆಯದು. ಅದಾದ ಮೇಲೆ ವಯಸ್ಸು ಮೀರುತ್ತಿತ್ತು. ಹಾಗಾಗಿ ನಾಚಿಕೆಯನ್ನು ಮನೆಯಲ್ಲಿ ಬಿಟ್ಟು ಬಳೆ ಅಂಗಡಿಗೆ ನಾನೇ ಹೋದೆ. ಅಂಗಡಿಯ ಕಾಕಾ ನನ್ನನ್ನು ತೊಟ್ಟಿಲಿನಿಂದ ಬಲ್ಲವರು. ಕಷ್ಟ ಇದ್ದದ್ದೇ ಅಲ್ಲಿ.

"ಕಾಕಾ, ಓಡಾಕ ಹಾಕ್ಕೊಳ್ಳೋ ಬ್ರಾ ಬೇಕಾಗ್ಯಾದ."

ಕಾಕಾ ಫ್ಯಾನು ನೋಡಿದರು. "ಒಳಗಿಂದೇನು? ನಿಮ್ಮನಿದು ಮೂವತ್ತಾರು ಅಲ್ಲೇನು? ನಿಮ್ಮಜ್ಜಿ ಕಾಲದಿಂದ ಅದೇ ಹೋಗ್ತದ."

"ಅದು ಅಜ್ಜಿದ್ರಿ. ನನಗ ಓಡುವಾಗ ಗಟ್ಟಿ ಹಿಡಿಯೋದು ಬೇಕು."

"ನಡ್ಯಾಕ ಬ್ಯಾರೆ, ಓಡಾಕ ಬ್ಯಾರೆ ಇರ್ತದೇನು ತಂಗಿ? ನಾಳಿ ಕುಂದ್ರಾಕ ಬ್ಯಾರೆ ಕೇಳ್ತೀರಿ!"

"ನೀವು ಮೊನ್ನೆ ವಾಕಿಂಗಿಗೆ ಅಂತ ಬ್ಯಾರೆ ಬೂಟು ತಗೊಂಡೀರಲ್ಲ?"

"ಅದು ಡಾಕ್ಟರ್ ಹೇಳ್ಯಾರ."

ವಾದದಲ್ಲಿ ನಾನು ಗೆದ್ದೆ. ಕಾಕಾ ಮೂವತ್ತಾರನ್ನೇ ಪೇಪರಿನಲ್ಲಿ ಸುತ್ತಿ, ಅದನ್ನು ಕರಿ ಚೀಲದಲ್ಲಿ ಹಾಕಿ ಕೈಗೆ ಕೊಟ್ಟರು. ಚರ್ಚಾಸ್ಪರ್ಧೆಗೂ ಜೀವನಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಆ ಕರಿ ಚೀಲ ಹಿಡಿದು ನಮ್ಮ ಬ್ಲೌಸು ಹೊಲಿಯುವ ರಜಿಯಾ ಚಾಚಿಯ ಮನೆಗೆ ನುಗ್ಗಿದೆ. ಚಾಚಿ ಮಷೀನು ನಿಲ್ಲಿಸಿ ನಕ್ಕದ್ದು ಓಣಿಗೆಲ್ಲ ಕೇಳಿರಬೇಕು.

"ಮೂವತ್ತಾರು ಅಂತ ಯಾರಂದ್ರು ಬೇಟಿ? ನಿಮ್ಮನಿ ಮೂರೂ ಮಂದಿ ಅಳತಿ ನನ್ನ ಬುಕ್ಕಿನ್ಯಾಗ ಅದ. ಮೂರರಾಗ ಒಬ್ಬರದೂ ಮೂವತ್ತಾರಿಲ್ಲ. ಮ್ಯಾಲಿನ ಬ್ಲೌಸಿಗೆ ಕಾಲು ಇಂಚು ಹೆಚ್ಚಾದ್ರ ನನ್ನ ಜೀವಾ ತಿಂತೀರಿ, ಒಳಗಿಂದಕ್ಕ ಅಳತೀನೇ ಬ್ಯಾಡೇನು?"

ಟೇಪು ತಂದಳು. ಎದೆಯ ಕೆಳಗೊಂದು ಸುತ್ತು, ಎದೆಯ ಮೇಲೊಂದು ಸುತ್ತು. ನನ್ನ ಅಳತೆ ಮೂವತ್ತೆರಡು. ಮೊಬೈಲಿನಲ್ಲಿ ತರಿಸು ಎಂದು ಹೇಳಿ ಪಾಠ ಮಾಡಿದಳು: "ಭಾರ ಹಿಡಿಯೋದು ಕೆಳಗಿನ ಪಟ್ಟಿ, ಭುಜ ಅಲ್ಲ. ಪಟ್ಟಿ ಒಳಗ ಎರಡು ಬೆರಳು ಹೋಗ್ಬೇಕು, ಮುಷ್ಟಿ ಹೋದ್ರ ವಾಪಸ್ ಕಳಿಸು. ಭುಜದ್ದು ಅಗಲ ಇರ್ಲಿ. ಬರೇ ಕಾಟನ್ ಬ್ಯಾಡ, ಬೆವರು ಕುಡಿದು ಜೋತು ಬೀಳ್ತದ. ಹಾಕ್ಕೊಂಡು ಹತ್ತು ಸಲ ಜಿಗಿ. ಆಮ್ಯಾಲ ಜೋರಾಗಿ ಐದು ನಿಮಿಷ ಮಾತಾಡು, ಉಸಿರು ಕಟ್ಟಬಾರ್ದು. ಮಾತಿಗೆ ನಿನಗೇನು ಬರ ಅದ!"

ಮೊದಲು ಬಂದದ್ದು ಜಿಗಿದಾಗ ಮೇಲೇರಿತು, ವಾಪಸ್ಸು ಹೋಯಿತು. ಎರಡನೆಯದು ಹಿಡಿದುಕೊಂಡಿತು. ಅದನ್ನು ಹಾಕಿಕೊಂಡು ಯಾದಗಿರಿಯ ಅದೇ ಮೈದಾನದಲ್ಲಿ ಎರಡೂ ಕೈ ಬೀಸಿ ಓಡಿದೆ. ಹನ್ನೊಂದು ಸೆಕೆಂಡು ಉಳಿಯಿತು. ಅತ್ತೆ ಐದು ಕಾಯಿ ಒಡೆಸಿದಳು. ಕೊಬ್ಬರಿ ನಾನೂ ತಿಂದೆ, ರುಚಿಯ ಬಗ್ಗೆ ತಕರಾರಿಲ್ಲ.

ಇಷ್ಟು ಹೇಳಿ ಮುಗಿಸಿದ್ದರೆ ಜಾಣೆ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ಇವತ್ತು ಮೂರನೇ ಸಲ ಟವೆಲ್ ತೆಗೆದು ಒಳಗೆ ಬಂದಾಗ ಅವ್ವ ಎಣ್ಣೆ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಳು. "ಭುಜ ಭಾಳ ನೋಯಾಕತ್ತಾವ, ಸ್ವಲ್ಪ ತಿಕ್ಕವ್ವ" ಅಂದಳು. ಅವ್ವನ ಎರಡೂ ಭುಜದ ಮೇಲೆ ಒಂದೊಂದು ತಗ್ಗು ಗೆರೆ ಇದೆ. ಕೊಡ ಹೊತ್ತು ಬಿದ್ದ ಗೆರೆ ಎಂದು ನಾನು ಚಿಕ್ಕವಳಿದ್ದಾಗಿನಿಂದ ಹೇಳುತ್ತ ಬಂದಿದ್ದಾಳೆ. ತಿಕ್ಕುತ್ತ ತಿಕ್ಕುತ್ತ ನನ್ನ ಹೆಬ್ಬೆರಳು ಆ ಗೆರೆಯಲ್ಲಿ ನಿಂತುಬಿಟ್ಟಿತು. ಅದರ ಅಗಲ ಸರಿಯಾಗಿ ಬ್ರಾದ ಭುಜದ ಪಟ್ಟಿಯಷ್ಟಿತ್ತು.

"ಮೂರರಾಗ ಒಬ್ಬರದೂ ಮೂವತ್ತಾರಿಲ್ಲ" ಎಂದು ಚಾಚಿ ಅಂದಾಗ ನನಗೆ ಕೇಳಿಸಿದ್ದು ನನ್ನೊಬ್ಬಳ ಅಳತೆ. ಊರ ಮಾತಿಗೆಲ್ಲ ಪುರಾವೆ ಕೇಳುವವಳು, ಠಾಣೆಯಲ್ಲಿ ಕಂಡವರ ಹೇಳಿಕೆ ಬರೆದುಕೊಳ್ಳುವವಳು, ಕೊಡ ಹೊತ್ತ ಕಥೆಯನ್ನು ಇಷ್ಟು ವರ್ಷ ಕಣ್ಣುಮುಚ್ಚಿ ನಂಬಿದ್ದೆ.

ಚಾಚಿಯ ಪಾಠವಾದ ಮೇಲೆ ಕೊಂಡಿಟ್ಟುಕೊಂಡಿದ್ದ ಟೇಪನ್ನು ಬ್ಯಾಗಿನಿಂದ ತೆಗೆದೆ. "ಹುಚ್ಚಿ, ನನಗ್ಯಾಕ" ಎನ್ನುತ್ತಲೇ ಅವ್ವ ಕೈ ಎತ್ತಿದಳು. ಎದೆಯ ಕೆಳಗಿನ ಸುತ್ತಿಗೇ ನಲವತ್ತು ಬಂತು. ಅವಳು ಟೇಪಿನ ಕಡೆ ನೋಡಲಿಲ್ಲ. ಸೆರಗು ಎಳೆದು ಭುಜ ಮುಚ್ಚಿಕೊಂಡಳು, ಹಗ್ಗದ ಮೇಲೆ ಟವೆಲ್ ಎಳೆಯುವ ಹಾಗೆಯೇ.

"ಅವ್ವಾ, ನೀ ಕೊಡ ಹೊತ್ತಿದ್ದು ಯಾವಾಗಲೂ ಸೊಂಟದ ಮ್ಯಾಲೆ. ಈ ಗೆರಿ ಎಲ್ಲಿಂದ ಬಂದದ ಅಂತ ನಿನಗ ಗೊತ್ತಿತ್ತಲ್ಲ, ಇಷ್ಟು ವರ್ಷ ಯಾರ ಮುಂದೂ ಯಾಕ ಹೇಳ್ಲಿಲ್ಲ?"